ಬಾಳೆಯ ಗಿಡಕ್ಕೆ ಕಟ್ಟಿದ ಕುದುರೆ

ಹತ್ತನೆಯ ತರಗತಿಯಲ್ಲಿ ನಮಗೆ ಲಕ್ಷ್ಮೀಶ ಕವಿಯ 'ಜೈಮಿನಿ ಭಾರತ'ದ ಒಂದು ಭಾಗ ಪಠ್ಯವಾಗಿತ್ತು. 'ವೀರಲವ' ಎಂದು ಅದಕ್ಕೆ ಹೆಸರು. ವಾಲ್ಮೀಕಿ ಮುನಿ ಆಶ್ರಮದಲ್ಲಿಲ್ಲ, ತೋಟದ ಕಾವಲು ಬಾಲಕ ಲವನದು. ಶ್ರೀರಾಮನ ಅಶ್ವಮೇಧದ ಕುದುರೆ ಆ ತೋಟಕ್ಕೆ ನುಗ್ಗುತ್ತದೆ. ಜೊತೆಯ ಮುನಿಕುಮಾರರು ಹೆದರಿ ಬೇಡ ಬೇಡ ಎನ್ನುತ್ತಿರುವಾಗಲೇ ಲವ ಅದನ್ನು ಹಿಡಿದು, ತನ್ನ ಮೈಮೇಲಿನ ಉತ್ತರೀಯವನ್ನು ತೆಗೆದು, ಅದರಿಂದ ಕುದುರೆಯನ್ನು ಒಂದು ಬಾಳೆಯ ಗಿಡಕ್ಕೆ ಕಟ್ಟಿಹಾಕುತ್ತಾನೆ.

ಮೇಷ್ಟರು ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸಾರ್, ಬಾಳೆ ಗಿಡಕ್ಕೆ ಕಟ್ಟಿದ್ರೆ ಕುದುರೆ ನಿಲ್ತದಾ? ನಮ್ಮನೆ ಕರುನೇ ನಿಲ್ಲಲ್ಲ." ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟರೂ ನಕ್ಕರು. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೊ" ಎಂದು ಮುಂದಿನ ಪದ್ಯಕ್ಕೆ ಹೋದರು. ಪರೀಕ್ಷೆಗೆ ಬರುವುದು ಏನು ಎಂಬುದು ನಮಗೆಲ್ಲ ಗೊತ್ತಿತ್ತು: ಅಲಂಕಾರವನ್ನು ಹೆಸರಿಸಿ, ಸಮನ್ವಯಿಸಿ. ಮೂರು ಅಂಕ.

ಕರ್ನಾಟಕದಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಯಾರಿಗೂ ಈ ಪ್ರಶ್ನೆಯ ಉತ್ತರದ ಅಚ್ಚು ಮರೆತಿರಲಾರದು. ಮೊದಲು ಅಲಂಕಾರದ ಹೆಸರು, ಆಮೇಲೆ ಅದರ ಲಕ್ಷಣ, ಆಮೇಲೆ ಉಪಮೇಯ ಇದು, ಉಪಮಾನ ಇದು, ವಾಚಕಪದ 'ಅಂತೆ', ಸಮಾನಧರ್ಮ ಇದು. ಕೊನೆಗೆ 'ಇಲ್ಲಿ ಉಪಮೇಯವನ್ನು ಉಪಮಾನಕ್ಕೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ' ಎಂಬ ಮುಕ್ತಾಯ. 'ಅಂತೆ', 'ಹಾಗೆ', 'ವೋಲ್' ಕಂಡರೆ ಉಪಮೆ, 'ಎಂಬ' ಕಂಡರೆ ರೂಪಕ, 'ಏನೋ ಎಂಬಂತೆ' ಕಂಡರೆ ಉತ್ಪ್ರೇಕ್ಷೆ ಎಂಬ ಅಡ್ಡದಾರಿಗಳೂ ಉಂಟು. ಈ ದಾರಿ ಹಿಡಿದವನು ಪದ್ಯದ ಅರ್ಥ ಗೊತ್ತಿಲ್ಲದೆಯೂ ಪೂರ್ತಿ ಅಂಕ ಪಡೆಯಬಲ್ಲ. ಮುಖವನ್ನು ಕಮಲಕ್ಕೆ ಹೋಲಿಸಿದ್ದು ಏಕೆ, ಈ ಪದ್ಯದಲ್ಲಿ ಆ ಕಮಲ ಏನು ಕೆಲಸ ಮಾಡುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಈ ಪದ್ಧತಿ ಬಂದದ್ದು ಎಲ್ಲಿಂದ? ಶಿಕ್ಷಣದ ದೋಷಗಳಿಗೆಲ್ಲ ಇಂಗ್ಲಿಷರನ್ನು ಹೊಣೆ ಮಾಡುವುದು ನಮಗೆ ರೂಢಿ. ಈ ವಿಷಯದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಹೆಸರಿಡುವ, ಪಟ್ಟಿ ಮಾಡುವ ಹಂಬಲ ನಮ್ಮ ಅಲಂಕಾರಶಾಸ್ತ್ರದಲ್ಲೇ ಇತ್ತು. ಭರತನ ನಾಟ್ಯಶಾಸ್ತ್ರದಲ್ಲಿ ಇದ್ದ ಅಲಂಕಾರಗಳು ನಾಲ್ಕೇ: ಉಪಮೆ, ರೂಪಕ, ದೀಪಕ, ಯಮಕ. ದಂಡಿಯ 'ಕಾವ್ಯಾದರ್ಶ'ದ ಹೊತ್ತಿಗೆ ಅರ್ಥಾಲಂಕಾರಗಳೇ 35 ಆದವು. ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು 'ಕುವಲಯಾನಂದ' ಬರೆಯುವಾಗ ಸಂಖ್ಯೆ ನೂರನ್ನು ದಾಟಿತ್ತು. ಈ ಗ್ರಂಥಕ್ಕೆ ಆಧಾರವಾದ ಜಯದೇವನ 'ಚಂದ್ರಾಲೋಕ'ದಲ್ಲಿ ಒಂದು ಜಾಣತನವಿದೆ. ಒಂದೇ ಪುಟ್ಟ ಶ್ಲೋಕದ ಅರ್ಧದಲ್ಲಿ ಲಕ್ಷಣ, ಉಳಿದರ್ಧದಲ್ಲಿ ಉದಾಹರಣೆ. ಬಾಯಿಪಾಠಕ್ಕೆ ಇದಕ್ಕಿಂತ ಅನುಕೂಲವಾದದ್ದು ಇನ್ನೇನಿದೆ? ನಮ್ಮ ಶಾಲೆಯ ವ್ಯಾಕರಣ ಪುಸ್ತಕದ 'ಲಕ್ಷಣ, ಉದಾಹರಣೆ, ಸಮನ್ವಯ' ಎಂಬ ಮೂರು ಮೆಟ್ಟಿಲುಗಳಲ್ಲಿ ಮೊದಲೆರಡು ಇದೇ ಮಾದರಿಯವು.

ಕನ್ನಡದಲ್ಲಿಯೂ ಈ ಸಾಲು ಉದ್ದವಾಗಿಯೇ ಇದೆ. ಎರಡನೆಯ ನಾಗವರ್ಮನ 'ಕಾವ್ಯಾವಲೋಕನ', ದಂಡಿಯನ್ನು ಕನ್ನಡಕ್ಕೆ ತಂದ ಮಾಧವನ 'ಮಾಧವಾಲಂಕಾರ' ಹೀಗೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಮಂತ್ರಿ ತಿರುಮಲಾರ್ಯನ 'ಅಪ್ರತಿಮವೀರ ಚರಿತೆ'ಯಂತೂ ಇನ್ನೂ ಸ್ವಾರಸ್ಯದ್ದು. ಹೆಸರು ನೋಡಿದರೆ ವೀರಗಾಥೆ, ತೆರೆದು ನೋಡಿದರೆ ಅಲಂಕಾರ ಗ್ರಂಥ. ಉದಾಹರಣೆಗಳೆಲ್ಲ ದೊರೆಯ ಹೊಗಳಿಕೆ. ಅಲಂಕಾರದ ಪಾಠವೂ ಆಯಿತು, ಒಡೆಯರ ಸ್ತುತಿಯೂ ಆಯಿತು!

ಆದರೆ ಈ ಸಾಲಿನ ಮೊಟ್ಟಮೊದಲ ಕನ್ನಡ ಗ್ರಂಥದ ಕಡೆ ತಿರುಗಿದರೆ ಬೇರೆಯೇ ಒಂದು ಧ್ವನಿ ಕೇಳಿಸುತ್ತದೆ. ಅದು 'ಕವಿರಾಜಮಾರ್ಗ'. ಸುಮಾರು ಕ್ರಿ.ಶ. 850ರ ಕೃತಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ ಆಗ ಮಾನ್ಯಖೇಟವಾಗಿದ್ದ ಕಾಲದಲ್ಲಿ ಹುಟ್ಟಿದ್ದು. ಬರೆದವನು ನೃಪತುಂಗನೇ, ಶ್ರೀವಿಜಯನೇ ಎಂಬ ಚರ್ಚೆ ಬಹುಕಾಲ ನಡೆದು, ಈಗ ಬಹುತೇಕ ವಿದ್ವಾಂಸರು ಶ್ರೀವಿಜಯನ ಪಕ್ಷ ಹಿಡಿದಿದ್ದಾರೆ. ಗ್ರಂಥದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಕ್ಕೇ ಮೀಸಲು. ಬಹಳಷ್ಟು ಸಾಮಗ್ರಿ ದಂಡಿಯಿಂದ ಬಂದದ್ದು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಡಬಾರದ ಇನ್ನೂ ಎರಡು ಸಂಗತಿಗಳಿವೆ.

ಒಂದು, ಈ ಗ್ರಂಥ ನಾಡಿನ ಜನರ ಬಗ್ಗೆ ಆಡುವ ಮಾತು. ಕಾವೇರಿಯಿಂದ ಗೋದಾವರಿಯವರೆಗಿನ ಈ ನಾಡಿನ ಜನ, ಓದು ಬರಹವನ್ನು ಹಟ ಹಿಡಿದು ಕಲಿಯದಿದ್ದರೂ ಕಾವ್ಯದ ಮಾತುಗಾರಿಕೆಯಲ್ಲಿ ಪಳಗಿದವರು ಎನ್ನುತ್ತಾನೆ ಗ್ರಂಥಕಾರ. ಭಾಷಣಗಳಲ್ಲಿ ಹೆಮ್ಮೆಗಾಗಿ ಸವೆದುಹೋದ ಈ ಮಾತನ್ನು ಅಲಂಕಾರದ ಪಾಠದ ಪಕ್ಕದಲ್ಲಿಟ್ಟು ನೋಡಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಅಜ್ಜಿಗೆ ತಾನು ತುತ್ತಿನ ವಿಷಯ ಹೇಳುತ್ತಿಲ್ಲ ಎಂಬುದು ಚೆನ್ನಾಗಿ ಗೊತ್ತು. ಕೇಳುವ ಮೊಮ್ಮಗನಿಗೂ ಗೊತ್ತು. ಹೇಳಬೇಕಾದದ್ದನ್ನು ಬಿಟ್ಟು ಬೇರೊಂದನ್ನು ಹೇಳಿ ಅರ್ಥ ಮುಟ್ಟಿಸುವ ಈ ಬಗೆಗೆ ಶಾಸ್ತ್ರದಲ್ಲಿ 'ಅಪ್ರಸ್ತುತ ಪ್ರಶಂಸೆ' ಎಂಬ ಭಾರವಾದ ಹೆಸರಿದೆ. ಅಜ್ಜಿಗೆ ಆ ಹೆಸರು ಬೇಕಿಲ್ಲ. ಮೊಮ್ಮಗನಿಗೆ ಹೆಸರು ಕಲಿಸುವಾಗ ಅವನಿಗೆ ಆಗಲೇ ಗೊತ್ತಿರುವುದನ್ನು ಮರೆಸಿದರೆ ಅದು ಯಾವ ವಿದ್ಯೆ?

ಇನ್ನೊಂದು ಸಂಗತಿ, ಕವಿರಾಜಮಾರ್ಗಕಾರ ಅಲಂಕಾರಗಳ ಪಟ್ಟಿಯಲ್ಲಿ 'ಧ್ವನಿ'ಯನ್ನೂ ಸೇರಿಸಿರುವುದು. ದಂಡಿಯ ಪಟ್ಟಿಯಲ್ಲಿ ಅದಿಲ್ಲ. ಮಾತು ನೇರವಾಗಿ ಹೇಳದ ಅರ್ಥವನ್ನು ಸೂಚಿಸುವುದೇ ಧ್ವನಿ. ಅದೇ ಒಂಬತ್ತನೆಯ ಶತಮಾನದಲ್ಲಿ, ದೂರದ ಕಾಶ್ಮೀರದಲ್ಲಿ, ಅವಂತಿವರ್ಮನ ಆಶ್ರಯದಲ್ಲಿದ್ದ ಆನಂದವರ್ಧನ 'ಧ್ವನ್ಯಾಲೋಕ' ಬರೆದು ಧ್ವನಿಯೇ ಕಾವ್ಯದ ಜೀವ ಎಂದು ಸಾರಿದ. ಅಲಂಕಾರವನ್ನು ಸಮಯ ಬಂದಾಗ ತೊಡಿಸಬೇಕು, ಸಮಯ ಬಂದಾಗ ಕಳಚಲೂ ಬೇಕು ಎಂಬುದು ಅವನ ವಿವೇಕ. ನಮ್ಮ ಶ್ರೀವಿಜಯನಿಗೆ ಧ್ವನಿ ಇನ್ನೂ ಹಲವು ಅಲಂಕಾರಗಳಲ್ಲಿ ಒಂದು, ಅಷ್ಟೇ. ಆದರೂ ಕಾವ್ಯದಲ್ಲಿ ಹೇಳದೆ ಉಳಿದ ಅರ್ಥವೊಂದಿದೆ ಎಂಬ ಅರಿವು ಕನ್ನಡದ ಮೊದಲ ಪುಸ್ತಕದಲ್ಲೇ ಹೆಜ್ಜೆಯಿಟ್ಟಿದೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಹಾಗಾದರೆ ಈ ಉಳಿದ ಅರ್ಥವನ್ನು ಹಿಂದೆ ಯಾರು ಬಿಡಿಸಿ ಹೇಳುತ್ತಿದ್ದರು? ದೇವಸ್ಥಾನದ ಜಗಲಿಯಲ್ಲಿ, ಊರಿನ ದೊಡ್ಡ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಕಾವ್ಯವಾಚನಗಳಲ್ಲಿ ಅದಕ್ಕೆ ವ್ಯವಸ್ಥೆಯಿತ್ತು. ಗಮಕಿ ಪದ್ಯವನ್ನು ರಾಗವಾಗಿ ಓದಬೇಕು, ವ್ಯಾಖ್ಯಾನಕಾರ ನಿಲ್ಲಿಸಿ ಅರ್ಥ ಹೇಳಬೇಕು. ಕುಮಾರವ್ಯಾಸನಿಗೆ 'ರೂಪಕ ಸಾಮ್ರಾಜ್ಯ ಚಕ್ರವರ್ತಿ', ಲಕ್ಷ್ಮೀಶನಿಗೆ 'ಉಪಮಾಲೋಲ' ಎಂಬ ಬಿರುದುಗಳು ಅಂಟಿಕೊಂಡಿವೆಯಲ್ಲ, ಅವು ಕೇಳಿ ತಲೆದೂಗಿದವರು ಕೊಟ್ಟಂಥ ಬಿರುದುಗಳೇ ಹೊರತು ಹೆಸರು ಗುರುತಿಸಿ ಅಂಕ ಪಡೆದವರು ಕೊಡುವಂಥವಲ್ಲ. ಕೂಲಿಮಠಗಳಲ್ಲಿ ಮಕ್ಕಳು ಅಮರಕೋಶದ ಜೊತೆ ಜೈಮಿನಿ ಭಾರತವನ್ನೂ ಬಾಯಿಪಾಠ ಮಾಡುತ್ತಿದ್ದರು. ಅರ್ಥ ಗೊತ್ತಾಗದಿದ್ದರೂ ನಾಲಗೆ ಹೊರಳುತ್ತಿತ್ತು, ಅರ್ಥ ಸಂಜೆಯ ವಾಚನದಲ್ಲಿ ತಾನಾಗಿ ಬರುತ್ತಿತ್ತು. ಇದನ್ನು ಸುವರ್ಣಯುಗವೆಂದು ಕರೆಯುವ ಉದ್ದೇಶ ನನಗಿಲ್ಲ. ಆ ಜಗಲಿಯ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಶಾಲೆಯ ಬೆಂಚಿನ ಮೇಲಾದರೋ ಎಲ್ಲರಿಗೂ ಜಾಗವಿದೆ.

ಗಮಕ ಪೂರ್ತಿ ಮರೆಯಾಗಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಈ ಕಲೆ ಮತ್ತೆ ಸುದ್ದಿಯಾಯಿತು. ಆದರೆ ಊರೂರಿನಲ್ಲಿ ನಡೆಯುತ್ತಿದ್ದುದು ಈಗ ಸಭಾಂಗಣದ ಕಾರ್ಯಕ್ರಮವಾಗಿದೆ.

ಇಂಗ್ಲಿಷರ ಪಾಲಿನ ಅರ್ಧ ಇಲ್ಲಿಂದ ಮುಂದೆ. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಬೆಂಗಳೂರಿನಲ್ಲಿ ಜೈಮಿನಿ ಭಾರತವನ್ನು ಟಿಪ್ಪಣಿಗಳೊಂದಿಗೆ ಅಚ್ಚು ಹಾಕಿಸಿದ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನೂ ಹೊರತಂದ. ಕವಿರಾಜಮಾರ್ಗ ಕೆ.ಬಿ. ಪಾಠಕರ ಸಂಪಾದನೆಯಲ್ಲಿ 1898ರಲ್ಲಿ ಬೆಳಕು ಕಂಡಿತು. ಇವರೆಲ್ಲರ ಋಣ ಕನ್ನಡಿಗರ ಮೇಲಿದೆ. ಇನ್ನೊಂದೆಡೆ 1857ರಲ್ಲಿ ಮದರಾಸು, ಮುಂಬಯಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಮೇಲೆ ಬರಹದ ಪರೀಕ್ಷೆ ಬಲವಾಗಿ ಬೇರೂರಿತು. ಗುರುತು ಪರಿಚಯವಿಲ್ಲದ ಯಾರೋ ಒಬ್ಬರು ದೂರದಲ್ಲೆಲ್ಲೋ ಕುಳಿತು ನೂರಾರು ಉತ್ತರ ಪತ್ರಿಕೆಗಳಿಗೆ ಒಂದೇ ಅಳತೆಯಲ್ಲಿ ಅಂಕ ಹಾಕಬೇಕು. ಪದ್ಯ ಹೇಗನ್ನಿಸಿತು ಎಂದು ಕೇಳಿದರೆ ನೂರು ಉತ್ತರ. ಅಲಂಕಾರ ಯಾವುದು ಎಂದು ಕೇಳಿದರೆ ಒಂದೇ ಉತ್ತರ. ನಮ್ಮ ಪಟ್ಟಿ, ಅವರ ಪರೀಕ್ಷೆ ಎರಡೂ ಹೇಳಿ ಮಾಡಿಸಿದ ಜೋಡಿಯಂತೆ ಕೂಡಿಕೊಂಡವು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ಕೈಪಿಡಿ'ಯಂಥ ಪುಸ್ತಕಗಳು ಈ ವಿಷಯವನ್ನು ಕನ್ನಡದಲ್ಲಿ ಅಚ್ಚುಕಟ್ಟಾಗಿ ಹೇಳಿದವು. 1953ರಲ್ಲಿ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಬಂದು ಅಲಂಕಾರ, ರಸ, ಧ್ವನಿಗಳ ಸಂಬಂಧವನ್ನು ಯಾರಿಗೂ ತಿಳಿಯುವಂತೆ ಬಿಡಿಸಿಟ್ಟಿತು. ಅದು ಕಾಲೇಜಿನ ಕಪಾಟಿನಲ್ಲಿ ಉಳಿಯಿತು. ಹೈಸ್ಕೂಲಿಗೆ ಇಳಿದದ್ದು ಪಟ್ಟಿ ಮಾತ್ರ.

ಪಟ್ಟಿಯಿಂದ ತಪ್ಪಿಸಿಕೊಳ್ಳುವುದು ಏನು ಎಂಬುದಕ್ಕೆ ಪಂಪನನ್ನೇ ನೋಡಬಹುದು. ಕ್ರಿ.ಶ. 941ರ ಸುಮಾರಿಗೆ ಬರೆದ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪ ತನ್ನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ. ಒಂದು ಪದ್ಯದಲ್ಲಲ್ಲ, ಇಡೀ ಕಾವ್ಯದಲ್ಲಿ. ಅರ್ಜುನ ಎಂದಲ್ಲೆಲ್ಲ ಅರಿಕೇಸರಿಯೂ ಇದ್ದಾನೆ. ಹೀಗೆ ಒಬ್ಬನ ಮೇಲೆ ಇನ್ನೊಬ್ಬನನ್ನು ಹೊದಿಸಿದ್ದರ ಪರಿಣಾಮ ಸಣ್ಣದಲ್ಲ, ಮಹಾಭಾರತದ ಕಥೆಯೇ ಬದಲಾಯಿತು. ಆಶ್ರಯದಾತನ ಹೆಂಡತಿಗೆ ಐವರು ಗಂಡಂದಿರಿದ್ದರೆ ಆದೀತೇ? ಆದ್ದರಿಂದ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಕೊನೆಯಲ್ಲಿ ಪಟ್ಟಾಭಿಷೇಕವಾಗುವುದು ಧರ್ಮರಾಯನಿಗಲ್ಲ, ಸುಭದ್ರೆಯೊಡನೆ ಕುಳಿತ ಅರ್ಜುನನಿಗೆ. ಕವಿಗೆ ಧರ್ಮಪುರವೆಂಬ ಅಗ್ರಹಾರ ಉಡುಗೊರೆಯಾಗಿ ಬಂತು.

ಇಷ್ಟೆಲ್ಲ ಮಾಡಿದ ಪಂಪ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದುಬಿಡುತ್ತಾನೆ! ದೊರೆ ಅರ್ಜುನನಾಗಿ ಸಿಂಹಾಸನದ ಮೇಲೆ ಕುಳಿತಿರುವ ಕಾವ್ಯದಲ್ಲಿ, ಆ ಅರ್ಜುನನ ಕೈಯಿಂದ ಸತ್ತವನ ಗುಣಗಾನ. ಹೋಲಿಕೆಯೊಂದನ್ನು ಇಷ್ಟು ದೂರ ಎಳೆದು ತಂದ ಕವಿಯ ಮನಸ್ಸು ಆ ಹೋಲಿಕೆಯ ಆಚೆಗೆ ಸೋರಿಹೋದದ್ದು ಇಲ್ಲಿ ಕಾಣುತ್ತದೆ. ಪಂಪನ ಯಾವುದಾದರೂ ಒಂದು ಪದ್ಯದ ಕೆಳಗೆ 'ಅಲಂಕಾರ ಹೆಸರಿಸಿ' ಎಂದು ಬರೆದರೆ ಈ ದೊಡ್ಡ ಅಲಂಕಾರ ಪುಟದ ಅಂಚಿನಿಂದ ಹೊರಗೇ ಉಳಿಯುತ್ತದೆ.

ವಚನಗಳಿಗೆ ಬಂದರೆ ಸಂಗತಿ ಇನ್ನೂ ಗಂಭೀರ. ಬಸವಣ್ಣನವರು ತಮ್ಮ ದೇಹವನ್ನೇ ದೇಗುಲವಾಗಿ ಕಾಣುವ ವಚನ ಯಾವ ಕನ್ನಡಿಗನಿಗೆ ಗೊತ್ತಿಲ್ಲ? ಶಾಲೆಯ ಉತ್ತರ: ರೂಪಕಾಲಂಕಾರ, ಉಪಮೇಯ ದೇಹ, ಉಪಮಾನ ದೇಗುಲ, ಇವೆರಡಕ್ಕೂ ಅಭೇದ. ತಪ್ಪೇನಿಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲಿ ದೇಗುಲವೆಂದರೆ ಕಲ್ಲಿನ ಕಟ್ಟಡವಷ್ಟೇ ಆಗಿರಲಿಲ್ಲ. ಅದಕ್ಕೆ ದತ್ತಿ ಬಿಟ್ಟ ಭೂಮಿಯಿತ್ತು, ದತ್ತಿ ಕೊಟ್ಟ ಅರಸನ ಶಾಸನವಿತ್ತು, ಒಳಗೆ ಬರಬಹುದಾದವರು ಯಾರು, ಬರಬಾರದವರು ಯಾರು ಎಂಬ ಕಟ್ಟಳೆಯಿತ್ತು. ಕಟ್ಟಿಸಲು ಹಣವಿದ್ದವನು ಪುಣ್ಯವಂತ. ಹಣವಿಲ್ಲದವನು ಏನು ಮಾಡಬೇಕು ಎಂಬ ಪ್ರಶ್ನೆಯಿಂದಲೇ ಆ ವಚನ ಹೊರಡುತ್ತದೆ.

ಅಂಗಾಂಗಗಳನ್ನು ಒಂದೊಂದಾಗಿ ಹೊಂದಿಸುವ ಇಂಥ ರೂಪಕಕ್ಕೆ ಶಾಸ್ತ್ರದಲ್ಲಿ ಸಾಂಗ ರೂಪಕ ಅಥವಾ ಸಾವಯವ ರೂಪಕ ಎಂಬ ಹೆಸರಿದೆ. ಈ ಹೆಸರು ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಯಾವ ಯಾವ ಅಂಗ ಹೊಂದಿಸಿದ್ದಾರೆ ಎಂದು ಎಣಿಸಿದ ಮೇಲೆ, ಯಾವುದನ್ನು ಬಿಟ್ಟಿದ್ದಾರೆ ಎಂದೂ ಕೇಳಬಹುದಲ್ಲವೇ? ಕಾಲಿದೆ, ಕಂಬವಿದೆ. ತಲೆಯಿದೆ, ಕಲಶವಿದೆ. ಈ ದೇಗುಲಕ್ಕೆ ಬಾಗಿಲು ಹೇಳಿಲ್ಲ. ಬಾಗಿಲು ಕಾಯುವವನಿಲ್ಲ. ಅರ್ಚಕನಿಲ್ಲ. ಕಲ್ಲಿನ ದೇಗುಲದಲ್ಲಿ ದೇವರಿಗೂ ಭಕ್ತನಿಗೂ ನಡುವೆ ನಿಂತವರೆಲ್ಲ ಇಲ್ಲಿ ಮಾಯವಾಗಿದ್ದಾರೆ. ಕೊನೆಗೆ ನಿಂತದ್ದು ಬೀಳುತ್ತದೆ, ನಡೆಯುವುದು ಉಳಿಯುತ್ತದೆ ಎಂಬ ನಿಲುವಿಗೆ ವಚನ ಮುಟ್ಟುವಾಗ ಅದು ಹೋಲಿಕೆಯಾಗಿ ಉಳಿದಿಲ್ಲ, ಜಗಳವಾಗಿದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ, ಅದರಲ್ಲೂ ಊರಿನ ಗುಡಿಯ ಹೊಸ್ತಿಲಾಚೆಯೇ ನಿಲ್ಲಬೇಕಾದ ಕೇರಿಯಿಂದ ಬಂದವಳಿಗೆ, ಈ ಜಗಳ ಅಭೇದ ಎಂಬ ಒಂದು ಪದದಲ್ಲಿ ಮುಗಿಯಬೇಕೆ?

ಹಳೆಯ ಶಾಸ್ತ್ರ ಮೊಂಡಾಗಿದೆ ಎಂದು ಯಾರೂ ತಿಳಿಯಬಾರದು. ಮೊಂಡಾಗಿರುವುದು ನಾವು ಅದನ್ನು ಹಿಡಿದಿರುವ ಬಗೆ. ಬೇಂದ್ರೆಯವರ ಹಕ್ಕಿಯ ಪದ್ಯವನ್ನೇ ತೆಗೆದುಕೊಳ್ಳಿ. ಮೈಯೆಲ್ಲ ಬಣ್ಣ ಹೊತ್ತು ಲೋಕದ ಮೇಲೆ ಹಾರುವ ಆ ಹಕ್ಕಿ ಕಾಲ ಎಂದು ಗೈಡುಗಳು ಮೊದಲ ಸಾಲಿನಲ್ಲೇ ಹೇಳಿ ಒಗಟನ್ನು ಕೊಂದುಬಿಡುತ್ತವೆ. ಉಪಮಾನ ಉಪಮೇಯವನ್ನು ನುಂಗಿ ತಾನೊಂದೇ ಕಾಣಿಸಿಕೊಳ್ಳುವ ಇಂಥ ಬಗೆಯನ್ನು ಪ್ರಾಚೀನರು 'ರೂಪಕಾತಿಶಯೋಕ್ತಿ' ಎಂದು ಬೇರೆಯಾಗಿಯೇ ಗುರುತಿಸಿದ್ದರು. ನುಂಗುವುದು ಎಂಬುದು ಅವರದೇ ಮಾತು. ಶಾಲೆಯಲ್ಲಿ ಅತಿಶಯೋಕ್ತಿ ಎಂದರೆ ಬರಿಯ ಉತ್ಪ್ರೇಕ್ಷಿಸಿ ಹೇಳುವುದು ಎಂದಾಗಿ, ಉತ್ಪ್ರೇಕ್ಷೆ ಎಂಬ ಇನ್ನೊಂದು ಅಲಂಕಾರದೊಂದಿಗೆ ಕಲಸಿಹೋಗಿದೆ. ನುಂಗಿದ್ದನ್ನು ಕಕ್ಕಿಸುವ ಅವಸರ ಮಾಡದೆ, ಹಕ್ಕಿಯನ್ನು ಸ್ವಲ್ಪ ಹೊತ್ತು ಹಕ್ಕಿಯಾಗಿಯೇ ಹಾರಲು ಬಿಟ್ಟರೆ ಅದು ಏನೆಂದು ಮಕ್ಕಳೇ ಹೇಳುತ್ತಾರೆ. ಎಲ್ಲರೂ ಕಾಲ ಎಂದೇ ಹೇಳದಿರಬಹುದು, ನಷ್ಟವೇನು?

ಇನ್ನು ಬಾಳೆಯ ಗಿಡಕ್ಕೆ ಬರೋಣ. ಉಪಮಾಲೋಲನೆಂದು ಹೆಸರಾದ ಕವಿ ಆ ಜಾಗದಲ್ಲಿ ಉಪಮೆಯ ಗೊಡವೆಗೇ ಹೋಗಿಲ್ಲ. ಬಾಲಕ ಬಟ್ಟೆ ತೆಗೆದ, ಗಿಡಕ್ಕೆ ಕಟ್ಟಿದ. ಇಷ್ಟೇ. ಹೆಸರಿಸಲು ಅಲಂಕಾರವಿಲ್ಲ, ಆದ್ದರಿಂದ ಪ್ರಶ್ನೆಯೂ ಇಲ್ಲ. ಆದರೆ ಆ ಕುದುರೆಯ ಹಣೆಯಲ್ಲಿ ಒಂದು ಪಟ್ಟಿಯಿದೆ. ಕೌಸಲ್ಯೆ ಹೆತ್ತ ರಾಮನೊಬ್ಬನೇ ಲೋಕಕ್ಕೆ ವೀರನೆಂದು ಅದರ ಮೇಲೆ ಬರೆದಿದೆ. ಓದಿದ ಲವನಿಗೆ ಸಿಟ್ಟು ಬರುವುದು ತನಗಾಗಿ ಅಲ್ಲ, ಇದನ್ನು ಸುಮ್ಮನೆ ಬಿಟ್ಟರೆ ತನ್ನ ತಾಯಿಯನ್ನು ಜನ ಬಂಜೆಯೆನ್ನಲಾರರೇ ಎಂದು. ಆ ತಾಯಿ ಯಾರು, ಆ ರಾಮ ತನಗೇನಾಗಬೇಕು ಎಂಬುದು ಅವನಿಗೆ ತಿಳಿಯದು. ಓದುವ ನಮಗೆ ತಿಳಿದಿದೆ. ಗರ್ಭಿಣಿ ಹೆಂಡತಿಯನ್ನು ಕಾಡಿಗೆ ಅಟ್ಟಿದ ದೊರೆಯ ಕುದುರೆಯನ್ನು, ಕಾಡಿನಲ್ಲಿ ಹುಟ್ಟಿದ ಮಗ ತಾಯಿಯ ಮಾನಕ್ಕಾಗಿ ಕಟ್ಟುತ್ತಿದ್ದಾನೆ.

ರಾಜ್ಯಗಳನ್ನು ಗೆದ್ದು ಬಂದ ಕುದುರೆ. ಕಟ್ಟಲು ಸಿಕ್ಕಿದ್ದು ಆಶ್ರಮದ ಹುಡುಗನ ಮೈಬಟ್ಟೆ. ಗೂಟಕ್ಕೆ ಬದಲು ಉಗುರಿನಿಂದ ಸೀಳಬಹುದಾದ ಬಾಳೆ. ಕುದುರೆ ಒಮ್ಮೆ ತಲೆ ಕೊಡವಿದರೆ ಮುಗಿಯಿತು. ದೊರೆಯ ಬಲ ಎಂಥದು, ಮಗುವಿನ ಬಲ ಎಂಥದು ಎಂಬುದನ್ನು ಲಕ್ಷ್ಮೀಶ ಗಿಡದ ಹೆಸರಿನಲ್ಲಿ ಹೇಳಿದ್ದಾನೆ. ಬೇರೆ ಯಾವ ಮರವಾಗಿದ್ದರೂ ಈ ಅರ್ಥ ಹುಟ್ಟುತ್ತಿರಲಿಲ್ಲ. ಶ್ರೀವಿಜಯ ಪಟ್ಟಿಗೆ ಸೇರಿಸಿದ ಧ್ವನಿ ಇದೇ. ನಮ್ಮ ತರಗತಿಯಲ್ಲಿ ಅದನ್ನು ಹಿಡಿದವನು ಕರು ಕಟ್ಟಿ ಗೊತ್ತಿದ್ದ ಆ ಹುಡುಗ ಒಬ್ಬನೇ.

ಅವನು ಈಗ ಊರಿನಲ್ಲೇ ಇದ್ದಾನೆ, ತೋಟ ನೋಡಿಕೊಳ್ಳುತ್ತಾನೆ. ಈ ಲೇಖನ ಬರೆಯುವ ಮುಂಚೆ ಊರಿಗೆ ಹೋದಾಗ ಸಿಕ್ಕಿದ್ದ. ಅವನ ಪ್ರಶ್ನೆಯನ್ನು ನೆನಪಿಸಿ, ಈಗ ಏನನ್ನಿಸುತ್ತದೆ, ಆ ಕುದುರೆ ಹೇಗೆ ನಿಂತಿತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: "ಅದಕ್ಕೆ ಗೊತ್ತಾಗಿರ್ಬೇಕು ಮಾರಾಯಾ, ತನ್ನ ಯಜಮಾನನ ಮಗ ಅಂತ."